ಹೊಸೂರಿನ ಫ್ಯಾಕ್ಟರಿಯಲ್ಲಿ ಎಚ್‌ಆರ್ ಅಸಿಸ್ಟೆಂಟ್ ಆಗಿದ್ದೇನೆ. ಶರ್ಮ್ (SHRM, ಅಮೆರಿಕದ ಎಚ್‌ಆರ್ ಸಂಸ್ಥೆ) ಸರ್ಟಿಫಿಕೇಟ್ ಮಾಡಿದರೆ ಮೇಲಕ್ಕೆ ಹೋಗಬಹುದೇ?

ನೀವು ಕೇಳಿದ್ದು ಇಷ್ಟು: ಊರು ತಳಿ ಕಡೆ, ಓದಿದ್ದು ಹತ್ತನೇ ತನಕ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಹೊಸೂರು ಸಿಪ್‌ಕಾಟ್‌ನಲ್ಲಿ (ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶ) ಬಿಡಿಭಾಗ ಮಾಡುವ ಕಂಪನಿಯ ಟೈಮ್ ಆಫೀಸಿನಲ್ಲಿ (ಹಾಜರಿ ನೋಡಿಕೊಳ್ಳುವ ವಿಭಾಗ) ಮೂರು ವರ್ಷದಿಂದ ಕೆಲಸ. ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯವರು ₹85,000 ಕೊಟ್ಟರೆ ಶರ್ಮ್-ಸಿಪಿ ಪರೀಕ್ಷೆಗೆ ತಯಾರು ಮಾಡುತ್ತೇವೆ, ಸರ್ಟಿಫಿಕೇಟ್ ಬಂದರೆ ಸಂಬಳ ಎರಡರಷ್ಟಾಗುತ್ತದೆ ಅಂದಿದ್ದಾರೆ. ಕಟ್ಟಲೋ ಬೇಡವೋ ಅಂತ ನಿಮ್ಮ ಪ್ರಶ್ನೆ.

ಈಗ ಕಟ್ಟಬೇಡಿ. ಆ ಸರ್ಟಿಫಿಕೇಟ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನೀವು ಮುಂದೆ ಕೂರಬೇಕೆಂದಿರುವ ಕುರ್ಚಿಗೆ ಸದ್ಯ ಅದು ಬೇಕಾಗಿಲ್ಲ, ಅಷ್ಟೇ.

ನಾನೂ ಇದೇ ಕಡೆಯವನು. ಹೊಸೂರಿನಲ್ಲೇ ಪ್ಲಾಂಟ್ ಎಚ್‌ಆರ್, ನಮ್ಮ ಡಿಪಾರ್ಟ್‌ಮೆಂಟಿಗೆ ಬೇಕಾದ ಹುಡುಗ ಹುಡುಗಿಯರನ್ನು ಇಂಟರ್‌ವ್ಯೂ ಮಾಡಿ ತೆಗೆದುಕೊಳ್ಳುವವನೂ ನಾನೇ. ಬಯೋಡೇಟಾದಲ್ಲಿ ಬರುವ ಸರ್ಟಿಫಿಕೇಟುಗಳನ್ನು ನಾನು ಮೂರು ಗುಂಪು ಮಾಡಿಕೊಂಡು ನೋಡುತ್ತೇನೆ. ಕಾನೂನೇ ಕೇಳುವಂಥದ್ದು ಒಂದು. ಕಾನೂನು ಕೇಳದಿದ್ದರೂ ಕೆಲವು ಕಂಪನಿಗಳು ಬೆಲೆ ಕೊಡುವಂಥದ್ದು ಇನ್ನೊಂದು. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಫ್ರೇಮ್ ಹಾಕಿಸಿಕೊಳ್ಳಬಹುದು.

ಮೊದಲ ಗುಂಪಿನ ವಿಷಯ ತರಬೇತಿ ಸಂಸ್ಥೆಯವರು ಬಾಯಿ ಬಿಡುವುದಿಲ್ಲ, ಯಾಕೆಂದರೆ ಅದರಲ್ಲಿ ಅವರಿಗೆ ಏನೂ ಗಿಟ್ಟುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ (ಕಾರ್ಮಿಕರ ಕ್ಷೇಮ ನೋಡಿಕೊಳ್ಳುವ ಅಧಿಕಾರಿ) ಇರಲೇಬೇಕಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಅದರಲ್ಲಿ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಈ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಸಿಪ್‌ಕಾಟ್‌ನಲ್ಲಿ 250 ದಾಟಿದ, 500 ಮುಟ್ಟದ ಕಾರ್ಖಾನೆ ಎಷ್ಟಿವೆ ಅಂತ ಬೆಳಿಗ್ಗೆ ಶಿಫ್ಟ್ ಬಸ್ಸಿನಲ್ಲಿ ಬರುವ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹುದ್ದೆಗೆ ಯಾವ ಓದು ಬೇಕು ಅನ್ನುವುದನ್ನು ಆಯಾ ರಾಜ್ಯದ ನಿಯಮ ಹೇಳುತ್ತದೆ. ನಮ್ಮ ಕಡೆಯ ಹಳೇ ಕಾರ್ಖಾನೆಗಳಲ್ಲಿ ಎಚ್‌ಆರ್ ಮ್ಯಾನೇಜರುಗಳಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದವರು ಇಷ್ಟೊಂದು ಜನ ಕಾಣುವುದು ಇದಕ್ಕೇ. ಶರ್ಮ್ ಆಗಲಿ, ಇನ್ಯಾವ ವಿದೇಶಿ ಸರ್ಟಿಫಿಕೇಟ್ ಆಗಲಿ, ಅಲ್ಲಿ ಅದಕ್ಕೆ ಬದಲಿ ಆಗುವುದಿಲ್ಲ.

ತಮಿಳುನಾಡಿನಲ್ಲಿ ಈ ಓದಿಗೆ ಹೆಸರಾದದ್ದು ಚೆನ್ನೈನ ತಮಿಳುನಾಡು ಕಾರ್ಮಿಕ ಅಧ್ಯಯನ ಸಂಸ್ಥೆ. ಸರ್ಕಾರದ್ದೇ. ಲೇಬರ್ ಮ್ಯಾನೇಜ್‌ಮೆಂಟಿನಲ್ಲಿ ಬಿ.ಎ., ಎಂ.ಎ. ಇವೆ. ಕೆಲಸದಲ್ಲಿರುವವರಿಗೆ ಲೇಬರ್ ಅಡ್ಮಿನಿಸ್ಟ್ರೇಷನ್ ಪಿಜಿ ಡಿಪ್ಲೊಮಾ, ಕಾರ್ಮಿಕ ಕಾನೂನಿನ ಡಿಪ್ಲೊಮಾ ಇವೆ. ತೊಂದರೆ ಏನೆಂದರೆ ಅದು ಚೆನ್ನೈ. ತಳಿಯಿಂದ ವಾರವಾರ ಹೋಗಿಬರುವ ಮಾತಲ್ಲ. ಹಾಗಾಗಿ ನಮ್ಮ ಕಡೆಯವರು ಹೆಚ್ಚಾಗಿ ದೂರಶಿಕ್ಷಣದಲ್ಲಿ ಕಾರ್ಮಿಕ ಕಾನೂನು ಡಿಪ್ಲೊಮಾ ಇಲ್ಲವೇ ಎಚ್‌ಆರ್ ಪಿಜಿ ಡಿಪ್ಲೊಮಾ ಮಾಡುತ್ತಾರೆ. ಇಗ್ನೋದಲ್ಲಿ ಎಚ್‌ಆರ್‌ಎಂ ಪಿಜಿ ಡಿಪ್ಲೊಮಾ ಇದೆ, ಯಾವುದಾದರೂ ಡಿಗ್ರಿ ಇದ್ದರೆ ಸಾಕು, ಫೀ ನಿಮ್ಮ ₹85,000ದ ಹತ್ತಿರಕ್ಕೂ ಬರುವುದಿಲ್ಲ. ಯಾವುದಕ್ಕೇ ಸೇರುವುದಾದರೂ ದುಡ್ಡು ಕಟ್ಟುವ ಮೊದಲು ಎರಡು ಕೇಳಿ: ಆ ಕೋರ್ಸಿಗೆ ಯುಜಿಸಿ ದೂರಶಿಕ್ಷಣದ ಮಾನ್ಯತೆ ಈ ವರ್ಷಕ್ಕೆ ಇದೆಯೇ, ವೆಲ್‌ಫೇರ್ ಆಫೀಸರ್ ಹುದ್ದೆಗೆ ತಮಿಳುನಾಡು ಸರ್ಕಾರ ಅದನ್ನು ಒಪ್ಪುತ್ತದೆಯೇ. ಎರಡನೇ ಪ್ರಶ್ನೆಗೆ ಉತ್ತರ ಕಾಲೇಜಿನವರಿಂದಲ್ಲ, ಕಾರ್ಖಾನೆಗಳ ಇಲಾಖೆಯಿಂದ ತಿಳಿದುಕೊಳ್ಳಿ.

ಇನ್ನು ಇಂಟರ್‌ವ್ಯೂನಲ್ಲಿ ನಾನು ಏನು ಮಾಡುತ್ತೇನೆ ಅಂತ ಹೇಳಿದರೆ ನಿಮಗೆ ವಿಷಯ ಇನ್ನೂ ಬೇಗ ಗೊತ್ತಾಗುತ್ತದೆ. ಒಬ್ಬ ಕಾಂಟ್ರಾಕ್ಟರನ ಒಂದು ತಿಂಗಳ ಬಿಲ್ಲಿನ ಕಟ್ಟನ್ನು ಹೆಸರು ಅಳಿಸಿ ಮುಂದಿಡುತ್ತೇನೆ. ಹಾಜರಿ, ವೇಜ್ ರಿಜಿಸ್ಟರ್, ಪಿಎಫ್ ಇಸಿಆರ್ (ಯಾರ ಹೆಸರಿಗೆ ಎಷ್ಟು ಪಿಎಫ್ ಕಟ್ಟಿದೆ ಅನ್ನುವ ತಿಂಗಳ ಪಟ್ಟಿ), ಇಎಸ್‌ಐ ಚಲನ್ ಎಲ್ಲಾ ಅದರಲ್ಲಿರುತ್ತವೆ. ಹಾಜರಿಯಲ್ಲಿ 46 ಹೆಸರು, ಇಸಿಆರ್‌ನಲ್ಲಿ 41. "ಈ ಬಿಲ್ ಪಾಸ್ ಮಾಡುತ್ತೀರಾ?" ಅಂತ ಕೇಳಿ ಸುಮ್ಮನಾಗುತ್ತೇನೆ. ಹೆಸರಿನ ಮುಂದೆ ಎರಡು ಮೂರು ಇಂಗ್ಲಿಷ್ ಅಕ್ಷರ ಸೇರಿಸಿಕೊಂಡು ಬಂದವರು ಹಲವರು ಇಲ್ಲಿ ಎಂಗೇಜ್‌ಮೆಂಟ್, ಸ್ಟೇಕ್‌ಹೋಲ್ಡರ್ ಅಂತ ಶುರು ಮಾಡುತ್ತಾರೆ. ಟೈಮ್ ಆಫೀಸಿನಲ್ಲಿ ಕೈ ಪಳಗಿದವರು ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಆ ಐದು ಹೆಸರಿಗೆ ಪೆನ್ಸಿಲ್ ಗುರುತು ಹಾಕುತ್ತಾರೆ. ಇಬ್ಬರಿಗೆ ಆಧಾರ್ ಹೆಸರು ಹೊಂದದೆ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಆಗಿರಲಿಕ್ಕಿಲ್ಲ, ಒಬ್ಬ ₹15,000ಕ್ಕಿಂತ ಜಾಸ್ತಿ ಸಂಬಳಕ್ಕೆ ಹೊಸದಾಗಿ ಸೇರಿದ್ದರಿಂದ ಪಿಎಫ್ ಬೇಡ ಅಂದಿರಬಹುದು, ಉಳಿದಿಬ್ಬರದ್ದು ಕಾಂಟ್ರಾಕ್ಟರ್ ನುಂಗಿದ್ದಾನೆ ಅಂತ ಹೇಳುತ್ತಾರೆ. ಕಾಂಟ್ರಾಕ್ಟರ್ ಕಟ್ಟದಿದ್ದರೆ ಕೊನೆಗೆ ಬರುವುದು ನಮ್ಮ ಕಂಪನಿಯ ತಲೆಗೇ ಅನ್ನುವುದೂ ಅವರಿಗೆ ಗೊತ್ತಿರುತ್ತದೆ. ಅಂಥವರನ್ನು ನಾನು ಬಿಡುವುದಿಲ್ಲ. ನೀವು ಮೂರು ವರ್ಷದಿಂದ ಇದನ್ನೇ ನೋಡುತ್ತಿದ್ದೀರಿ, ಆದರೆ ಪ್ರಶ್ನೆಯಲ್ಲಿ "ಬರೀ ಟೈಮ್ ಆಫೀಸ್ ಕೆಲಸ" ಅಂತ ಬರೆದಿದ್ದೀರಿ. ಆ "ಬರೀ" ಬಯೋಡೇಟಾದಲ್ಲಿ ಬರದಂತೆ ನೋಡಿಕೊಳ್ಳಿ.

ನಮ್ಮ ಗಡಿಯಲ್ಲಿ ಇನ್ನೊಂದು ಅನುಕೂಲ ಇದೆ, ಅದನ್ನು ಯಾವ ಪರೀಕ್ಷೆಯೂ ಕಲಿಸುವುದಿಲ್ಲ. ಜೂಜುವಾಡಿ ದಾಟಿದರೆ ಅತ್ತಿಬೆಲೆ. ಅರ್ಧ ಗಂಟೆಯ ದಾರಿಯಲ್ಲಿ ಎರಡು ರಾಜ್ಯದ ಕಾನೂನು. ಕರ್ನಾಟಕದಲ್ಲಿ ವೃತ್ತಿ ತೆರಿಗೆ ರಾಜ್ಯ ಸರ್ಕಾರಕ್ಕೆ, ತಿಂಗಳಿಗೆ ₹200, ಫೆಬ್ರುವರಿಯಲ್ಲಿ ಮಾತ್ರ ₹300. ಇಲ್ಲಿ ಅದು ಸ್ಥಳೀಯ ಸಂಸ್ಥೆಗೆ, ಆರು ತಿಂಗಳಿಗೊಮ್ಮೆ, ಆದಾಯದ ಸ್ಲ್ಯಾಬ್ ನೋಡಿ. ಇದು ಸಣ್ಣದು. ದೊಡ್ಡದು 1981ರ ತಮಿಳುನಾಡು ಕಾಯ್ದೆ: 24 ತಿಂಗಳೊಳಗೆ 480 ದಿನ ನಿರಂತರ ಸೇವೆ ಮುಗಿಸಿದ ಕಾರ್ಮಿಕನನ್ನು ಕಾಯಂ ಮಾಡಬೇಕು. ಅತ್ತಿಬೆಲೆ, ಬೊಮ್ಮಸಂದ್ರ ಕಡೆಯಿಂದ ಮ್ಯಾನೇಜರ್ ಆಗಿ ಬಂದವರಿಗೆ ಈ 480ರ ಲೆಕ್ಕ ಮೊದಲು ತಲೆಗೆ ಹೋಗುವುದೇ ಇಲ್ಲ. ರಜೆ, ಲೇ-ಆಫ್, ಅಪಘಾತದಿಂದ ಮನೆಯಲ್ಲಿದ್ದ ದಿನ, ಇವೆಲ್ಲ ಆ ಲೆಕ್ಕಕ್ಕೆ ಬರುತ್ತವೆಯೋ ಇಲ್ಲವೋ ಅಂತ ಕಾಯ್ದೆ ತೆರೆದು ತೋರಿಸುವ ಒಬ್ಬ ಅಸಿಸ್ಟೆಂಟ್ ಇದ್ದರೆ ಆ ಪ್ಲಾಂಟಿನಲ್ಲಿ ಅವರ ಮಾತಿಗೆ ತೂಕ ತಾನಾಗೇ ಬರುತ್ತದೆ. ಎರಡೂ ರಾಜ್ಯದಲ್ಲಿ ಯೂನಿಟ್ ಇರುವ ಕಂಪನಿಗಳು ಇಂಥವರನ್ನೇ ಹುಡುಕುತ್ತಿರುತ್ತವೆ.

ಹೊಸ ಸಂಹಿತೆಗಳ ವಿಷಯದಲ್ಲಂತೂ ಈಗ ಎಲ್ಲರೂ ಒಂದೇ ಗೆರೆಯಲ್ಲಿ ನಿಂತಿದ್ದೇವೆ, ಇಪ್ಪತ್ತು ವರ್ಷದ ಅನುಭವಿಯೂ ಹೊಸದಾಗಿ ಓದಬೇಕು. 29 ಕಾಯ್ದೆ ಹೋಗಿ ನಾಲ್ಕು ಸಂಹಿತೆ ಬಂದಿವೆ. ಒಂದು ಲೆಕ್ಕ ತೋರಿಸುತ್ತೇನೆ. ಒಬ್ಬರ ಸಂಬಳ ₹24,000, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ ₹9,000, ಉಳಿದ ₹15,000 ಎಚ್‌ಆರ್‌ಎ, ಕನ್ವೇಯನ್ಸ್ ಥರದ, 'ವೇಜಸ್' ಲೆಕ್ಕದಿಂದ ಹೊರಗಿಟ್ಟ ಭತ್ಯೆ ಅನ್ನಿ. ಹೊಸ ಸಂಹಿತೆಯ ಪ್ರಕಾರ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ಮೀರಬಾರದು. ಅರ್ಧ ಅಂದರೆ ₹12,000. ಮೀರಿದ ₹3,000 ವೇಜಸ್‌ಗೇ ಸೇರುತ್ತದೆ, ಆಗ ವೇಜಸ್ ₹12,000. ಗ್ರಾಚುಟಿ ಸೂತ್ರ: ಸೇವೆಯ ಒಂದೊಂದು ವರ್ಷಕ್ಕೆ ತಿಂಗಳ ವೇಜಸ್ ಗುಣಿಸು 15, ಭಾಗಿಸು 26. ಹಳೇ ಲೆಕ್ಕದಲ್ಲಿ ವರ್ಷಕ್ಕೆ ₹5,192 ಬರುತ್ತಿದ್ದ ಕಡೆ ಈಗ ₹6,923. ಒಬ್ಬರದ್ದು ಇಷ್ಟು, 600 ಜನರ ಪ್ಲಾಂಟಿಗೆ ಎಷ್ಟು ಅಂತ ಎಕ್ಸೆಲ್‌ನಲ್ಲಿ ಹಾಕಿ ನಿಮ್ಮ ಮ್ಯಾನೇಜರ್ ಟೇಬಲ್ ಮೇಲಿಡಿ. ಫಿಕ್ಸೆಡ್ ಟರ್ಮ್ ಮೇಲೆ ತೆಗೆದುಕೊಂಡವರಿಗೆ ಒಂದು ವರ್ಷಕ್ಕೇ ಗ್ರಾಚುಟಿ ಬರುತ್ತದೆ ಅನ್ನುವುದನ್ನೂ ಅದೇ ಶೀಟಿನಲ್ಲಿ ಸೇರಿಸಿ. ಪ್ರಮೋಷನ್ ಮಾತು ಎತ್ತಲು ಇದಕ್ಕಿಂತ ಒಳ್ಳೇ ದಾರಿ ನನಗೆ ಕಾಣುವುದಿಲ್ಲ.

ಈಗ ಎರಡನೇ ಗುಂಪು. ಶರ್ಮ್ ಅಮೆರಿಕದ ಸಂಸ್ಥೆ, 1948ರಲ್ಲಿ ಶುರುವಾದದ್ದು. ಸಿಪಿ ಕೆಲಸ ನಡೆಸುವ ಹಂತದವರಿಗೆ, ಎಸ್‌ಸಿಪಿ ನೀತಿ ರೂಪಿಸುವ ಹಿರಿಯರಿಗೆ. ಎಚ್‌ಆರ್‌ಸಿಐ ಅನ್ನುವ ಇನ್ನೊಂದು ಸಂಸ್ಥೆ ಅಮೆರಿಕದ ಹೊರಗಿನವರಿಗೆಂದೇ ಎಪಿಎಚ್‌ಆರ್‌ಐ, ಪಿಎಚ್‌ಆರ್‌ಐ, ಎಸ್‌ಪಿಎಚ್‌ಆರ್‌ಐ ಅಂತ ಪರೀಕ್ಷೆ ನಡೆಸುತ್ತದೆ. ಅವುಗಳಲ್ಲಿ ಅಮೆರಿಕದ ಕಾನೂನಿನ ಕಾಟ ಇಲ್ಲ, ಮೊದಲನೆಯದಕ್ಕೆ ಅನುಭವವೂ ಬೇಕಿಲ್ಲ. ಬ್ರಿಟನ್ನಿನ ಸಿಐಪಿಡಿ 1913ರಷ್ಟು ಹಳೆಯದು, ಹಂತ 3, 5, 7 ಅಂತ ಓದಬೇಕು. ಅಲ್ಲಿಗೋ ಗಲ್ಫ್‌ಗೋ ಹೋಗುವ ಯೋಚನೆ ಇದ್ದವರು ಮಾತ್ರ ಅದರ ಗೊಡವೆಗೆ ಹೋದರೆ ಸಾಕು.

ಇವಕ್ಕೆ ಬೆಲೆ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಹೊರವರ್ತುಲ ರಸ್ತೆಯ ಬಹುರಾಷ್ಟ್ರೀಯ ಕಂಪನಿಗಳಲ್ಲಿ. ಅಲ್ಲಿ ನಿಮ್ಮ ಮ್ಯಾನೇಜರ್ ಸಿಂಗಪುರದಲ್ಲೋ ಟೆಕ್ಸಾಸಿನಲ್ಲೋ ಇರುತ್ತಾರೆ, ಶರ್ಮ್ ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಿಪ್‌ಕಾಟ್‌ನ ಮಧ್ಯಮ ಗಾತ್ರದ ಕಂಪನಿಯ ಮಾಲೀಕರಿಗೆ ಹೇಳಿ ನೋಡಿ, "ಇದು ಯಾವ ಯೂನಿವರ್ಸಿಟಿ?" ಅನ್ನುತ್ತಾರೆ. ಇನ್ನೊಂದು ಖರ್ಚಿನ ಮಾತು ಕೋಚಿಂಗ್‌ನವರು ಹೇಳುವುದಿಲ್ಲ. ಶರ್ಮ್ ಒಮ್ಮೆ ಪಾಸಾದರೆ ಮುಗಿಯಲಿಲ್ಲ, ಮೂರು ವರ್ಷಕ್ಕೊಮ್ಮೆ 60 ಕ್ರೆಡಿಟ್ (ಮುಂದುವರಿದ ಕಲಿಕೆಗೆ ಸಿಗುವ ಅಂಕ) ತೋರಿಸಬೇಕು, ಇಲ್ಲವೇ ಮತ್ತೆ ಪರೀಕ್ಷೆ ಬರೆಯಬೇಕು. ಪಿಎಚ್‌ಆರ್‌ಐಗೂ ಹೆಚ್ಚುಕಡಿಮೆ ಇದೇ ಪದ್ಧತಿ. ಪರೀಕ್ಷಾ ಫೀ ಡಾಲರಿನಲ್ಲಿ, ಕೋಚಿಂಗ್ ಫೀಯಲ್ಲಿ ಅದು ಸೇರಿದೆಯೋ ಇಲ್ಲವೋ ಬರಹದಲ್ಲಿ ಕೇಳಿ. ಸಂಬಳ ಎರಡರಷ್ಟಾಗುತ್ತದೆ ಅನ್ನುವ ಮಾತನ್ನೂ ಬರಹದಲ್ಲಿ ಕೇಳಿ, ಫೋನ್ ಕಟ್ ಆಗುತ್ತದೆ.

ನಮ್ಮ ದೇಶದ್ದೇ ಆದವು ಎರಡು ಹೇಳಬೇಕು. ಎನ್‌ಐಪಿಎಂ, ಎಚ್‌ಆರ್ ಕೆಲಸದವರ ಸಂಘ, 1980ರಲ್ಲಿ ಎರಡು ಹಳೇ ಸಂಸ್ಥೆಗಳು ಸೇರಿ ಆದದ್ದು, ಕೋಲ್ಕತ್ತಾದಲ್ಲಿ ಕೇಂದ್ರ. ಇದರ ಸದಸ್ಯರಾದರೆ ಸರ್ಟಿಫಿಕೇಟಿಗಿಂತ ಜನರ ಪರಿಚಯ ಸಿಗುತ್ತದೆ. ಫ್ಯಾಕ್ಟರಿ ಎಚ್‌ಆರ್ ಕೆಲಸಗಳಲ್ಲಿ ಅರ್ಧಕ್ಕರ್ಧ ಪತ್ರಿಕೆಗೆ ಬರುವ ಮೊದಲೇ ಇಂಥ ಮೀಟಿಂಗಿನ ಊಟದ ಹೊತ್ತಿನಲ್ಲಿ ತುಂಬಿಹೋಗುತ್ತವೆ. ಟ್ರೇನಿಂಗ್ ಕಡೆಗೆ ಮನಸ್ಸಿದ್ದರೆ ದೆಹಲಿಯ ಐಎಸ್‌ಟಿಡಿಯ ಡಿಪ್ಲೊಮಾಕ್ಕೆ ಒಳ್ಳೇ ಹೆಸರಿದೆ.

ಮೂರನೇ ಗುಂಪಿಗೆ ಹೆಚ್ಚು ಮಾತು ಬೇಡ. "ಎರಡು ದಿನದಲ್ಲಿ ಸರ್ಟಿಫೈಡ್ ಪಾಶ್ ಪ್ರೊಫೆಷನಲ್" ಅಂತ ವಾಟ್ಸಾಪಿನಲ್ಲಿ ಬರುತ್ತವಲ್ಲ, ಅವು. ಪಾಶ್ ಅಂದರೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಅದು 10 ಜನರಿರುವ ಕಡೆ ಆಂತರಿಕ ಸಮಿತಿ ಮಾಡಿ ಅನ್ನುತ್ತದೆ, ಸದಸ್ಯರಿಗೆ ಸರ್ಟಿಫಿಕೇಟ್ ಇರಬೇಕು ಅಂತ ಎಲ್ಲೂ ಹೇಳಿಲ್ಲ. ಕಾಯ್ದೆಯನ್ನು ಬಿಟ್ಟಿಯಾಗಿ ಓದಬಹುದು, ಉದ್ದವೂ ಇಲ್ಲ.

ಎಂಬಿಎ ಮಾಡಲೇ ಅಂತ ಕೊನೆಯಲ್ಲಿ ಕೇಳಿದ್ದೀರಿ. ಕೆಲಸ ಬಿಟ್ಟು ಹೆಸರಿಲ್ಲದ ಕಾಲೇಜಿಗೆ ಸೇರುವ ಎಂಬಿಎ ಬೇಡ. ಕೆಲಸದಲ್ಲಿದ್ದುಕೊಂಡು ಎಂಎಸ್‌ಡಬ್ಲ್ಯೂ ಅಥವಾ ಎಚ್‌ಆರ್ ಎಂಬಿಎ ಮಾಡಿದರೆ ಸರಿ. ಬರೀ ಬಿ.ಕಾಂ. ಇಟ್ಟುಕೊಂಡು ಸೀನಿಯರ್ ಎಕ್ಸಿಕ್ಯುಟಿವ್ ತನಕ ಹೋಗಬಹುದು, ಅಲ್ಲಿಂದ ಮುಂದೆ ಫಿಲ್ಟರ್ ಹಾಕಿ ಕೂತವರು ಪಿಜಿ ಇಲ್ಲದ ಬಯೋಡೇಟಾ ತೆರೆಯುವುದೇ ಇಲ್ಲ. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ, ಆದರೂ ನಡೆಯುತ್ತಿರುವುದು ಹಾಗೆ.

ಕನ್ನಡ ಮೀಡಿಯಂ ಬಗ್ಗೆ ನಿಮಗಿರುವ ಹಿಂಜರಿಕೆಗೂ ಒಂದು ಮಾತು. ಲೇಬರ್ ಆಫೀಸಿಗೆ ಬರೆಯಲು ತಮಿಳು ಬೇಕು, ನಿಮಗೆ ಮಾತು ಬರುತ್ತದೆ, ಓದು ಬರಹ ಕೂಡಿಸಿಕೊಳ್ಳಿ. ಲೈನಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತದೆ, ಹಾಸ್ಟೆಲಿನ ಒಡಿಶಾ, ಬಿಹಾರದ ಹುಡುಗರಿಗೆ ಹಿಂದಿ. ಕಾರ್ಮಿಕರ ಭಾಷೆ ಗೊತ್ತಿರಬೇಕು ಅನ್ನುವುದನ್ನು ವೆಲ್‌ಫೇರ್ ಆಫೀಸರ್ ಅರ್ಹತೆಯಲ್ಲೇ ಸೇರಿಸಿದ ರಾಜ್ಯಗಳಿವೆ. ಇಂಗ್ಲಿಷಿನಲ್ಲಿ ನೀವು ಪಳಗಬೇಕಾದದ್ದು ಶೋಕಾಸ್ ನೋಟೀಸ್, ಎನ್‌ಕ್ವೈರಿ ವರದಿ, ಇನ್ಸ್‌ಪೆಕ್ಟರಿಗೆ ಉತ್ತರ, ಈ ಮೂರರಲ್ಲಿ. ನಿಮ್ಮ ಆಫೀಸಿನ ಹಳೇ ಫೈಲುಗಳಲ್ಲಿ ಇವುಗಳ ಒಳ್ಳೆಯ ನಮೂನೆ ಇದ್ದೇ ಇರುತ್ತವೆ, ಮ್ಯಾನೇಜರನ್ನು ಕೇಳಿ ಓದಿ. ಶರ್ಮ್ ಪರೀಕ್ಷೆಯ ಅರ್ಧದಷ್ಟು ಕಷ್ಟ ಸನ್ನಿವೇಶ ಕೊಟ್ಟು ನೀವಾದರೆ ಏನು ಮಾಡುತ್ತೀರಿ ಅಂತ ಕೇಳುವ ಪ್ರಶ್ನೆಗಳಲ್ಲಿದೆ. ಅವಕ್ಕೆ ಉತ್ತರಿಸಲು ಇಂಗ್ಲಿಷಿಗಿಂತ ಮೊದಲು ಅಂಥ ಹತ್ತಾರು ಜಗಳ ಕಣ್ಣಾರೆ ಕಂಡಿರಬೇಕು.

ಹಾಗಾಗಿ ಈ ವರ್ಷ ಪಿಜಿ ಡಿಪ್ಲೊಮಾಕ್ಕೆ ಸೇರಿ, ಪೇರೋಲ್ ಕೆಲಸ ಪೂರ್ತಿ ಕೈಗೆ ತೆಗೆದುಕೊಳ್ಳಿ. ಬೆಂಗಳೂರಿಗೆ ಹೋಗುವ ಯೋಚನೆ ಗಟ್ಟಿಯಾದ ಮೇಲೆ, ಅಲ್ಲಿಯ ಕೆಲಸದ ಜಾಹೀರಾತುಗಳಲ್ಲಿ ಶರ್ಮ್ ಅಥವಾ ಪಿಎಚ್‌ಆರ್‌ಐ ಕೇಳುತ್ತಿದ್ದಾರೆಯೇ ಅಂತ ನೋಡಿ ಕಟ್ಟಿ; ಸಾಧ್ಯವಾದರೆ ಆಗಿನ ಕಂಪನಿಯವರ ಕೈಯಲ್ಲೇ ಕಟ್ಟಿಸಿ. ಸ್ವಂತ ಓದಿನಲ್ಲೇ ಪಾಸಾದವರು ಬೇಕಾದಷ್ಟಿದ್ದಾರೆ, ಕೋಚಿಂಗ್ ಕಡ್ಡಾಯ ಏನಲ್ಲ. ನೀವು ನೋಡಿಟ್ಟಿರುವ ಡಿಪ್ಲೊಮಾದ ಹೆಸರು ಇಲ್ಲೇ ಕೆಳಗೆ ಹಾಕಿ, ನಮ್ಮ ಕಡೆ ಅದು ನಡೆಯುತ್ತದೆಯೋ ಇಲ್ಲವೋ ಹೇಳುತ್ತೇನೆ.