ಓದುಗರ ಪ್ರಶ್ನೆ: ‘ಬಿಳಿ’ ಅನ್ನುವುದು ಬಣ್ಣವೋ, ಅಳತೆಗೋಲೋ?

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲೊಂದು ತರಬೇತಿಯಲ್ಲಿ ‘ನಿಮ್ಮ ಜನಾಂಗ, ಸಂಸ್ಕೃತಿ ನಿಮ್ಮ ಕೆಲಸವನ್ನು ಹೇಗೆ ರೂಪಿಸಿದೆ’ ಎಂದು ಬರೆಯಲು ಹೇಳಿದ್ದಾರೆ. ಜೊತೆಯ ಬಿಳಿಯ ನರ್ಸ್‌ಗಳು ‘ನಮಗೆ ಅಂಥದ್ದೇನಿಲ್ಲ, ನಾವು ಮಾಮೂಲಿ ಜನ’ ಅಂದರಂತೆ. ಸುಳ್ಳು ಹೇಳುತ್ತಿದ್ದಾರಾ? — ಕುಂಬಳೆಯ ತಾಯಿ

ಉತ್ತರ: ಸುಳ್ಳಲ್ಲ, ಅವರಿಗದು ಕಾಣುವುದೇ ಇಲ್ಲ. ಬೆಂಗಳೂರಿನವರು ನಿಮ್ಮ ಮಾತು ಕೇಳಿ ‘ಪುಸ್ತಕದ ಕನ್ನಡ’ ಎಂದು ನಗುವುದಿಲ್ಲವೇ? ತಮ್ಮ ಮಾತಿಗೂ ಒಂದು ರಾಗವಿದೆ ಎಂಬುದು ಅವರಿಗೆ ಹೊಳೆಯದು. ಅವರ ಲೆಕ್ಕದಲ್ಲಿ ರಾಗ ಏನಿದ್ದರೂ ಕಾಸರಗೋಡಿನವರದ್ದು, ಧಾರವಾಡದವರದ್ದು. ಬಿಳಿಯರ ‘ಮಾಮೂಲಿ’ಯೂ ಹಾಗೆಯೇ. ವ್ಯತ್ಯಾಸವೆಂದರೆ, ಅದರ ಹಿಂದೆ ಸಾಮ್ರಾಜ್ಯದ ಬಲವಿತ್ತು.

ಮಗಳ ವಾರ್ಡಿನಲ್ಲೇ ಇದಕ್ಕೆ ಸಾಕ್ಷಿ ಸಿಗುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬೆಳಕು ಹಾಯಿಸಿ ರಕ್ತದ ಆಮ್ಲಜನಕವನ್ನು ಲೆಕ್ಕ ಹಾಕುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುವುದರಿಂದ ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಯಂತ್ರ ಆಮ್ಲಜನಕ ಶೇ 92ರಿಂದ 96 ಎಂದು ತೋರಿಸುತ್ತಿದ್ದರೂ ರಕ್ತಪರೀಕ್ಷೆಯಲ್ಲಿ ಶೇ 88ಕ್ಕಿಂತ ಕಡಿಮೆ ಬಂದ ಪ್ರಮಾಣ ಕಪ್ಪು ರೋಗಿಗಳಲ್ಲಿ ಬಿಳಿಯರ ಸುಮಾರು ಮೂರು ಪಟ್ಟಿತ್ತು. ಆಗಷ್ಟೇ ಹುಟ್ಟಿದ ಕೂಸಿನ ಸ್ಥಿತಿ ಅಳೆಯಲು ಕೊಡುವ ಎಪ್ಗಾರ್ ಅಂಕದಲ್ಲಿ ಬಣ್ಣಕ್ಕೆ ಪೂರ್ತಿ 2 ಅಂಕ ಸಿಗಬೇಕಾದರೆ ಮೈಯೆಲ್ಲ ‘ಗುಲಾಬಿ’ ಆಗಿರಬೇಕು. ಯಾರ ಕೂಸನ್ನು ನೆನೆದು ಬರೆದದ್ದು, ಹೇಳಿ! ಕಪ್ಪು ಚರ್ಮದಲ್ಲಿ ಆಮ್ಲಜನಕ ಸಾಲದೆ ಮೈ ನೀಲಿಗಟ್ಟಿದೆಯೇ ಎಂದು ತುಟಿ, ನಾಲಗೆ, ಒಸಡಿನಲ್ಲಿ ನೋಡಬೇಕು; ಕಾಮಾಲೆಗೆ ಕಣ್ಣಿನ ಬಿಳಿಭಾಗ; ಹಾಸಿಗೆ ಹುಣ್ಣಿನ ಆರಂಭಕ್ಕೆ ಕೆಂಪು ಹುಡುಕುತ್ತ ಕೂರದೆ ಕೈಯಿಟ್ಟು ಬಿಸಿ, ಗಡಸು ನೋಡಬೇಕು.

ಬರೆಯುವುದಾದರೆ ಒಂದು ಪಾಳಿಯ ಇಂಥ ಮೂರು ಕೆಲಸ ಆರಿಸಿ, ‘ಇಲ್ಲಿ ಯಾರ ಮೈಯನ್ನು ಮಾದರಿ ಮಾಡಿದ್ದಾರೆ’ ಎಂದು ಕೇಳಿಕೊಳ್ಳಲಿ. ಇಂಥ ತರಬೇತಿಗಳು ಹಳ್ಳ ಹಿಡಿಯುವುದು ಸಾಮಾನ್ಯವಾಗಿ ಎರಡು ಕಡೆ. ಯಾರಾದರೂ ಬಿಳಿಯರು ತಪ್ಪೊಪ್ಪಿಕೊಂಡು ಅತ್ತು, ಉಳಿದ ಸಮಯವೆಲ್ಲ ಅವರನ್ನು ಸಮಾಧಾನ ಮಾಡುವುದರಲ್ಲೇ ಕಳೆಯುತ್ತದೆ. ಇಲ್ಲವೇ ನಿಮ್ಮ ಮಗಳನ್ನು ‘ಇಡೀ ಭಾರತದ ಪರವಾಗಿ ಹೇಳಮ್ಮ’ ಎಂದು ನಿಲ್ಲಿಸುತ್ತಾರೆ. ಎರಡನೆಯದಕ್ಕೆ ಅವಳು ಧಾರಾಳವಾಗಿ ಒಲ್ಲೆ ಅನ್ನಬಹುದು.

ಪ್ರಶ್ನೆ: ‘ಬಿಳಿ ಜನಾಂಗ’ ಅನ್ನುವುದಕ್ಕೆ ವಿಜ್ಞಾನದ ಆಧಾರ ಇದೆಯೇ ಎಂದು ಒಂಬತ್ತನೇ ತರಗತಿಯ ಮಕ್ಕಳು ಕೇಳುತ್ತಾರೆ. 40 ನಿಮಿಷದ ಪೀರಿಯಡ್‌ನಲ್ಲಿ ತೋರಿಸುವುದು ಹೇಗೆ? — ಬದಿಯಡ್ಕದ ಕನ್ನಡ ಮಾಧ್ಯಮ ಶಿಕ್ಷಕ

ಉತ್ತರ: ಮೊದಲ ಹತ್ತು ನಿಮಿಷ ಎರಡು ಮೊಕದ್ದಮೆ ಹೇಳಿ. ಅಮೆರಿಕದ 1790ರ ಕಾನೂನು ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರಿಗೆ’ ಮಾತ್ರ ಪೌರತ್ವ ಕೊಟ್ಟಿತು. 1922ರ ನವೆಂಬರಿನಲ್ಲಿ ಜಪಾನಿನ ಟಕಾವೊ ಒಜಾವಾ ತನ್ನ ಮೈಬಣ್ಣ ಬಿಳಿಯೇ ಎಂದು ವಾದಿಸಿದಾಗ ಸುಪ್ರೀಂ ಕೋರ್ಟು ‘ಬಣ್ಣ ಮುಖ್ಯವಲ್ಲ, ಬಿಳಿಯ ಎಂದರೆ ಕಕೇಷಿಯನ್’ (ಆಗಿನ ಜನಾಂಗಶಾಸ್ತ್ರ ಯುರೋಪಿನವರನ್ನು ಸೇರಿಸಿದ್ದ ಗುಂಪು) ಎಂದಿತು. ಮೂರು ತಿಂಗಳ ನಂತರ ಪಂಜಾಬಿನ ಭಗತ್ ಸಿಂಗ್ ಥಿಂದ್, ಆಗಿನ ಶಾಸ್ತ್ರಗ್ರಂಥಗಳ ಪ್ರಕಾರ ತಾನು ಕಕೇಷಿಯನ್ ಎಂದ. ಅದೇ ಕೋರ್ಟು, ಅದೇ ನ್ಯಾಯಮೂರ್ತಿ ಸದರ್ಲೆಂಡ್: ‘ಶಾಸ್ತ್ರ ಬೇಡ, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ನೀನು ಬಿಳಿಯನಲ್ಲ.’ ಮಕ್ಕಳಿಗೆ ನ್ಯಾಯದ ಈ ಗೋಲ್‌ಮಾಲ್ ತಟ್ಟನೆ ಅರ್ಥವಾಗುತ್ತದೆ.

ಆಮೇಲೆ ಚಟುವಟಿಕೆ. ತಿಳಿಯಿಂದ ಕಡು ಬಣ್ಣದವರೆಗಿನ, ಗಾತ್ರದಲ್ಲಿ ಹೆಚ್ಚುಕಡಿಮೆ ಇರುವ 30 ಹೊಳೆಕಲ್ಲು ಬೇಕು. ಒಣಗಿದ್ದೇ ಆಗಬೇಕು, ಒದ್ದೆಯಾದರೆ ಎಲ್ಲವೂ ಕಪ್ಪಗೆ ಕಾಣುತ್ತವೆ. ಕಲ್ಲುಗಳಿಗೆ ಅಂಕಿ ಬರೆದು ಬಣ್ಣದ ಸಾಲಿನಲ್ಲಿ ಜೋಡಿಸಿ. ನಾಲ್ಕು ತಂಡಗಳು ಒಂದನ್ನೊಂದು ನೋಡದೆ ‘ಬಿಳಿ, ಕಂದು, ಕಪ್ಪು’ ಎಂದು ಗಡಿ ಹಾಕಲಿ. ಗಡಿಗಳು ಒಂದಕ್ಕೊಂದು ಕೂಡುವುದು ಕಡಿಮೆ. ನಂತರ ಅವೇ ಕಲ್ಲುಗಳನ್ನು ತೂಕದ ಪ್ರಕಾರ ಜೋಡಿಸಿದರೆ ಬಣ್ಣದ ಸಾಲೆಲ್ಲ ಕಲಸಿಹೋಗುತ್ತದೆ. ಬಣ್ಣ ತಿಳಿದ ಮಾತ್ರಕ್ಕೆ ಉಳಿದ ಗುಣ ತಿಳಿಯದು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಮಕ್ಕಳನ್ನೇ ಬಣ್ಣದ ಸಾಲಿನಲ್ಲಿ ನಿಲ್ಲಿಸಬೇಡಿ. ತುದಿಯಲ್ಲಿ ನಿಂತ ಹುಡುಗಿಗೆ ಆ ದಿನ ಪಾಠವಲ್ಲ, ಅವಮಾನ. ತೋಟದಲ್ಲಿ ಸುಲಭವಾಗಿ ಸಿಗುತ್ತದೆಂದು ಅಡಿಕೆಯನ್ನೂ ತರಬೇಡಿ. ಅದರ ಬಣ್ಣ ಬದಲಾಗುವುದು ಬಲಿತಂತೆ. ಹಣ್ಣಡಿಕೆಗೆ ಒಂದು ರೇಟು, ಎಳತಿಗೆ ಇನ್ನೊಂದು ಎಂಬುದು ನಮ್ಮ ಕಡೆಯ ಮಕ್ಕಳಿಗೆ ಚೆನ್ನಾಗಿ ಗೊತ್ತು; ಬಣ್ಣ ನೋಡಿ ಬೆಲೆ ಕಟ್ಟಬಹುದು ಎಂಬ ಉಲ್ಟಾ ಪಾಠವಾದೀತು.