ಪುಟ್ಟಿಗೆ ವಯಸ್ಸಾಗಿದೆ, ಆದರೆ ಅಷ್ಟೇ ಅಲ್ಲ

ಸಾಗರದ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ಮನೆಯ ಬೆಕ್ಕು ಪುಟ್ಟಿಗೆ 14 ವರ್ಷ. ಒಂದೇ ನೆಗೆತಕ್ಕೆ ಅಟ್ಟ ಹತ್ತುತ್ತಿದ್ದವಳು ಈಗ ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿ ವಾಪಸ್ ಬರುತ್ತಾಳಂತೆ. ಬಚ್ಚಲಮನೆಯ ಬಕೆಟ್ಟಿಗೆ ಬಾಯಿಟ್ಟು ಪದೇ ಪದೇ ನೀರು ಕುಡಿಯುತ್ತಾಳೆ. ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿದ್ದಾಳೆ. ಸಸ್ಯಾಹಾರಿ ಮನೆ, ಅವಳ ಊಟ ಮೊದಲಿನಿಂದಲೂ ಹಾಲನ್ನ. ಮನೆಯವರು "ವಯಸ್ಸಾಯ್ತು ಬಿಡು, ಬೆಕ್ಕಿಗೆಲ್ಲ ಯಾರು ಡಾಕ್ಟರ ಹತ್ರ ಹೋಗ್ತಾರೆ" ಅನ್ನುತ್ತಾರೆ. ಹಿತ್ತಿಲಿಗೆ ಬರುವ ಮೂರು ಬೆಕ್ಕುಗಳಿಗೂ ಇವರು ಅನ್ನ ಹಾಕುತ್ತಾರೆ, ಪಕ್ಕದ ಮನೆಯವರು ಅವನ್ನು ಚೀಲಕ್ಕೆ ತುಂಬಿ ದೂರ ಬಿಟ್ಟು ಬರುತ್ತೇವೆ ಎಂದಿದ್ದಾರೆ. "ನನ್ನದು ಅತಿಯಾಯಿತಾ?" ಇದು ಅವರ ಪ್ರಶ್ನೆ.

ಅತಿಯಾಗಿಲ್ಲ ಅಕ್ಕ. ಪುಟ್ಟಿ ಬಕೆಟ್ಟಿನಿಂದ ನೀರು ಕುಡಿಯುವುದು ಮನೆಯಲ್ಲಿ ಎಲ್ಲರಿಗೂ ಕಂಡಿರುತ್ತದೆ. ಮೊದಲು ಇಷ್ಟು ಕುಡಿಯುತ್ತಿರಲಿಲ್ಲ ಎಂದು ಗಮನಿಸಿದ್ದು ನೀವೊಬ್ಬರೇ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ, ಹಾಗಾಗಿ ನೀವು ನೋಡಿದ್ದೇ ಅವಳಿಗೆ ದೊಡ್ಡ ಉಪಕಾರ.

14 ವರ್ಷ ಅಂದರೆ ಮನುಷ್ಯರ ಲೆಕ್ಕದಲ್ಲಿ 70 ದಾಟಿದ ಹಾಗೆ. ಆದರೆ ವಯಸ್ಸು ಅನ್ನುವುದು ಕಾಯಿಲೆಯ ಹೆಸರಲ್ಲ. ಜಾಸ್ತಿ ನೀರು ಕುಡಿದು, ಜಾಸ್ತಿ ಮೂತ್ರ ಮಾಡಿ ಸೊರಗುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಕಿಡ್ನಿ. ಮುದಿ ಬೆಕ್ಕುಗಳಲ್ಲಿ ಇದು ತುಂಬಾ ಸಾಮಾನ್ಯ. ಸಕ್ಕರೆ ಕಾಯಿಲೆಯೂ ಇರಬಹುದು. ಚೆನ್ನಾಗಿ ತಿಂದೂ ಇಳಿಯುತ್ತಿದ್ದರೆ ಥೈರಾಯ್ಡ್ ಇರಬಹುದು. ಅಟ್ಟ ಹತ್ತದಿರುವುದು ಬಹುಶಃ ಕೀಲುನೋವು. ಒಂದು ರಕ್ತಪರೀಕ್ಷೆ, ಮೂತ್ರಪರೀಕ್ಷೆ ಮಾಡಿಸಿದರೆ ಬಹಳಷ್ಟು ಗೊತ್ತಾಗುತ್ತದೆ. ನಿಮ್ಮಲ್ಲಿ ಆಗದಿದ್ದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ವಿಚಾರಿಸಿ. ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಅವಳು ಮಲಗುವ ಹಳೇ ಸೀರೆಯನ್ನೇ ಹಾಸಿ ಕರೆದುಕೊಂಡು ಹೋಗಿ, ತನ್ನದೇ ವಾಸನೆ ಇದ್ದರೆ ಹೆದರಿಕೆ ಕಡಿಮೆ.

ಒಂದು ಮಾತನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ನೋವಿದೆಯಲ್ಲ ಪಾಪ ಅಂತ ಮನೆಯಲ್ಲಿರುವ ಡೋಲೋ, ಕ್ರೋಸಿನ್ ಚೂರು ಮಾಡಿ ಹಾಲಿಗೆ ಹಾಕಬೇಡಿ. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಒಂದೇ ಮಾತ್ರೆ ಜೀವ ತೆಗೆಯಬಹುದು. ಪ್ರೀತಿಯಿಂದ ಕೊಟ್ಟೇ ಎಷ್ಟೋ ಬೆಕ್ಕುಗಳು ಹೋಗಿವೆ.

ಇನ್ನು ಹಾಲನ್ನ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಷ್ಟು ವರ್ಷ ಪುಟ್ಟಿ ಬರೀ ಹಾಲನ್ನದಲ್ಲಿ ಬದುಕಿದ್ದಾಳೆ ಅಂದುಕೊಂಡಿದ್ದೀರಿ. ಇಲ್ಲ ಅಕ್ಕ, ನಿಮ್ಮ ಅಟ್ಟದ ಅಡಿಕೆ ಮೂಟೆಗಳ ಸಂದಿಯಲ್ಲಿ ಇಲಿ, ಹಿತ್ತಿಲಲ್ಲಿ ಓತಿಕ್ಯಾತ, ಮಿಡತೆ ಹಿಡಿದು ಉಳಿದದ್ದನ್ನು ಅವಳೇ ಸಂಪಾದಿಸಿಕೊಂಡಿದ್ದಾಳೆ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು, ಅದು ಮಾಂಸ ಮೀನಿನಲ್ಲಿರುತ್ತದೆ, ಅನ್ನದಲ್ಲಿ ಇಲ್ಲ. ಅದು ಕಡಿಮೆಯಾದರೆ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂದು 1987ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಕಣ್ಣೂ ಹೋಗಬಹುದು. ಈಗ ಅವಳಿಗೆ ಬೇಟೆಯಾಡಲು ಆಗುತ್ತಿಲ್ಲ, ಅಂದರೆ ಅವಳ ಅರ್ಧ ಊಟವೇ ನಿಂತುಹೋಗಿದೆ! ಮನೆಗೆ ಮೀನು ತರಲು ಆಗುವುದಿಲ್ಲ ಎಂಬುದು ಅರ್ಥವಾಗುತ್ತದೆ, ಅತ್ತೆಯವರ ಮನಸ್ಸು ನೋಯಿಸುವುದೂ ಬೇಡ. ಬೆಕ್ಕಿನ ಆಹಾರ ಪೊಟ್ಟಣದಲ್ಲಿ ಸಿಗುತ್ತದೆ, ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ಅವಳಿಗೊಂದು ಬೇರೆ ತಟ್ಟೆ ಇಟ್ಟು ಹಿತ್ತಿಲ ಜಗಲಿಯಲ್ಲೇ ಕೊಡಿ. ಬೆಚ್ಚಗಿನ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಹಲ್ಲುನೋವಿದ್ದರೂ ತಿನ್ನುತ್ತಾಳೆ, ಮೈಗೆ ನೀರೂ ಸೇರುತ್ತದೆ. ಕಿಡ್ನಿ ತೊಂದರೆ ಅಂತ ಗೊತ್ತಾದರೆ ಯಾವ ಆಹಾರ ಅಂತ ಡಾಕ್ಟರೇ ಹೇಳಲಿ. ಹಾಲು ಕಡಿಮೆ ಮಾಡಿ, ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಅದು ಅರಗುವುದಿಲ್ಲ. ನೀರನ್ನು ಮಾತ್ರ ಎಂದೂ ಕಡಿಮೆ ಮಾಡಬೇಡಿ.

ಆ ಮೂರು ಬೆಕ್ಕುಗಳ ವಿಷಯ. ಪಕ್ಕದ ಮನೆಯವರ ಜೊತೆ ಜಗಳ ಬೇಡ, ಅವರಿಗೆ ಏನು ತೊಂದರೆ ಅಂತ ಕೇಳಿ. ಅಡಿಕೆ ಒಣಹಾಕಿದ ಅಂಗಳದಲ್ಲಿ ಗಲೀಜು ಮಾಡುತ್ತವಾ, ರಾತ್ರಿ ಕಿರುಚಾಡುತ್ತವಾ? ಗಲೀಜಿಗೆ ನಿಮ್ಮ ಹಿತ್ತಿಲ ಮೂಲೆಯಲ್ಲೇ ಮರಳು ಹಾಕಿ. ಹೊತ್ತಿಗೆ ಸರಿಯಾಗಿ ಊಟ ಕೊಟ್ಟು ತಟ್ಟೆ ಎತ್ತಿಡಿ. ಕಿರುಚಾಟ, ಕಚ್ಚಾಟಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಮದ್ದು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬಸುರಿಯಾಗಬಹುದು, ಎರಡು ತಿಂಗಳಿಗೆ ಮರಿ ಹಾಕುತ್ತದೆ. ಹಾಗಾಗಿ ಮೂರರಲ್ಲಿ ಹೆಣ್ಣಿದ್ದರೆ ಅದನ್ನೇ ಮೊದಲು ಕರೆದುಕೊಂಡು ಹೋಗಿ. ಜೊತೆಗೆ ರೇಬೀಸ್ ಚುಚ್ಚುಮದ್ದೂ ಆಗಲಿ, ಇದರಿಂದ ಪಕ್ಕದವರಿಗೂ ಧೈರ್ಯ ಬರುತ್ತದೆ. ಇಷ್ಟಾದ ಮೇಲೂ ಚೀಲ ಹಿಡಿದು ಬಂದರೆ, ಹಸಿದು ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಅಂತ ಮೆತ್ತಗೆ ತಿಳಿಸಿ. ಗೊತ್ತಿಲ್ಲದ ಊರಲ್ಲಿ ಬಿಟ್ಟ ಬೆಕ್ಕು ನಾಯಿ, ವಾಹನಗಳ ನಡುವೆ ಎಷ್ಟು ದಿನ ಉಳಿದೀತು ಹೇಳಿ?

ಮನೆಯವರನ್ನು ಒಪ್ಪಿಸುವುದು ಹೇಗೆ ಅಂತಲೂ ಕೇಳಿದ್ದೀರಿ. ಅಡಿಕೆ ಮೂಟೆ ಕಾದವಳು ಯಾರು ಅಂತ ನೆನಪಿಸಿ, ಸಾಕು. ಅಟ್ಟದವರೆಗೆ ಎರಡು ಪೆಟ್ಟಿಗೆಗಳನ್ನು ಮೆಟ್ಟಿಲ ಹಾಗೆ ಜೋಡಿಸಿಕೊಡಲು ಅವರಿಗೇ ಹೇಳಿ, ಸುಮ್ನೆ ಕೈಗೊಂದು ಕೆಲಸ ಕೊಟ್ಟರೆ ಮನಸ್ಸೂ ಬರುತ್ತದೆ. ರಕ್ತಪರೀಕ್ಷೆಯಲ್ಲಿ ಏನು ಬಂತು ಅಂತ ಖಂಡಿತ ಬರೆಯಿರಿ. ಹಿತ್ತಿಲ ಮೂವರ ಹೆಸರೂ ಬರೆಯಿರಿ, ಈ ಪತ್ರದಲ್ಲಿ ಪುಟ್ಟಿಯದು ಮಾತ್ರ ಇತ್ತು.

— ಸಂಪಾದಕ