1920ರ ದಶಕದಲ್ಲಿ ಜರ್ಮನಿ ಯುದ್ಧ ಸೋತು ದಿವಾಳಿಯಾಗಿತ್ತಲ್ವಾ? ಬರ್ಲಿನ್‌ನಲ್ಲಿ ಕಲೆ ಅಷ್ಟು ಬೆಳೆದಿದ್ದು ಹೇಗೆ?

ಸೋತಿದ್ದೇ ಒಂದು ಕಾರಣ. 1918ರಲ್ಲಿ ಕೈಸರ್, ಅಂದ್ರೆ ಜರ್ಮನ್ ಚಕ್ರವರ್ತಿ, ಗದ್ದುಗೆ ಬಿಟ್ಟು ಓಡಿದ. ನಾಟಕಗಳ ಮೇಲಿದ್ದ ಪೊಲೀಸ್ ಸೆನ್ಸಾರ್ ಕೂಡ ಹೋಯಿತು. ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಮಾತಾಡತೊಡಗಿದರು.

ಯುದ್ಧವನ್ನೂ ಹಳೆಯ ಕಲೆಯನ್ನೂ ಅಣಕಿಸುತ್ತಿದ್ದ ‘ದಾದಾ’ ಕಲಾವಿದರ 1920ರ ಪ್ರದರ್ಶನವನ್ನೇ ನೋಡಿ. ಚಾವಣಿಯಿಂದ ಒಂದು ಬೊಂಬೆ ನೇತುಹಾಕಿದ್ದರು. ಮೈಮೇಲೆ ಜರ್ಮನ್ ಸೇನೆಯ ಸಮವಸ್ತ್ರ, ಮುಖ ಹಂದಿಯದು! ಸೇನೆಗೆ ಅವಮಾನ ಅಂತ ಕೇಸ್ ಬಿತ್ತು. ಅದೇ ಕೇಸಲ್ಲಿ ಚಿತ್ರಕಾರ ಜಾರ್ಜ್ ಗ್ರೋಸ್ ತಮ್ಮ ಚಿತ್ರಗಳಿಗಾಗಿ ದಂಡ ಕಟ್ಟಬೇಕಾಯಿತು. ಪೂರ್ತಿ ಸ್ವಾತಂತ್ರ್ಯ ಏನೂ ಇರಲಿಲ್ಲ ಬಿಡಿ. ಸಿನಿಮಾಗಂತೂ ಆ ವರ್ಷವೇ ಸೆನ್ಸಾರ್ ವಾಪಸ್ ಬಂತು.

ಇನ್ನು ದುಡ್ಡು. ಅದು ಬೆಲೆ ಕಳೆದುಕೊಂಡಿದ್ದೂ ಕಲೆಗೆ ಒಂದು ರೀತಿ ನೆರವಾಯಿತು. 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಕೂಡಿಟ್ಟು ಏನು ಪ್ರಯೋಜನ? ಕೈಗೆ ಬಂದದ್ದನ್ನು ಅವತ್ತೇ ಖರ್ಚು ಮಾಡೋದೇ ಜಾಣತನವಾಗಿತ್ತು.

1933ರ ಜನವರಿ ಕೊನೆಗೆ ಹಿಟ್ಲರ್ ಅಧಿಕಾರಕ್ಕೆ ಬಂದ. ಗ್ರೋಸ್ ಅದಕ್ಕೂ ಮೊದಲೇ ಅಮೆರಿಕಕ್ಕೆ ಹೊರಟುಬಿಟ್ಟಿದ್ದರು.